ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಗಳಲ್ಲಿ ಬರಹದ ಏಕರೂಪತೆ: ಒಂದು ವಿವೇಚನೆ

1. ಸಮಸ್ಯೆಯ ಸ್ವರೂಪ

ಕಾವ್ಯವನ್ನು ರಚಿಸುವವರಿಗೂ ಶಾಸ್ತ್ರವನ್ನು ರಚಿಸುವವರಿಗೂ ಭಾಷೆ ಒಂದೇ ಆಗಿರಬಹುದು. ಆದರೆ ಓದುಗನೊಡನೆ ಅವರು ಮಾಡಿಕೊಳ್ಳುವ ಒಪ್ಪಂದ ಬೇರೆ ಬೇರೆ. ಕವಿ ಒಮ್ಮೆ ‘ತಾವರೆ’ ಎಂದುದನ್ನು ಮುಂದೆ ‘ಕಮಲ’ವೆಂದೂ ಆಮೇಲೆ ‘ಪಂಕಜ’ವೆಂದೂ ಕರೆದರೆ ಓದುಗನ ಸಂತೋಷ ಹೆಚ್ಚುತ್ತದೆ. ಶಾಸ್ತ್ರಕಾರ ಹಾಗೆ ಮಾಡಿದರೆ ಓದುಗ ಮೂರು ವಸ್ತುಗಳನ್ನು ಹುಡುಕತೊಡಗುತ್ತಾನೆ. ಶಾಸ್ತ್ರಗಳಲ್ಲೆಲ್ಲ ಈ ಒಪ್ಪಂದ ಅತ್ಯಂತ ಬಿಗಿಯಾಗಿರುವುದು ವ್ಯಾಕರಣದಲ್ಲಿ. ವ್ಯಾಕರಣವು ಭಾಷೆಯನ್ನು ಕುರಿತು ಭಾಷೆಯಲ್ಲಿಯೇ ಮಾತನಾಡಬೇಕಾಗಿರುವುದೇ ಇದಕ್ಕೆ ಕಾರಣ. ಗಣಕಕ್ಕೆ ಆದೇಶ ನೀಡಲೆಂದು ರೂಪುಗೊಂಡ ಪ್ರೋಗ್ರಾಮಿಂಗ್ ಭಾಷೆಗಳ ಕೈಪಿಡಿಗಳೂ ಈ ದೃಷ್ಟಿಯಿಂದ ವ್ಯಾಕರಣಗಳೇ ಆಗಿವೆ.

ಇಂಥ ಕೈಪಿಡಿಯ ಒಂದು ಪುಟದಲ್ಲಿ ಸಾಮಾನ್ಯವಾಗಿ ನಾಲ್ಕು ದನಿಗಳು ಸೇರಿಕೊಂಡಿರುತ್ತವೆ. ಗಣಕಕ್ಕೆ ಇದ್ದಂತೆಯೇ ಒಪ್ಪಿಸಬೇಕಾದ ಪದಗಳು ಮೊದಲನೆಯವು. ಓದುಗ ತನ್ನದೇ ಬೆಲೆಯನ್ನು ತುಂಬಬೇಕಾದ ಸ್ಥಳಗಳ ಹೆಸರುಗಳು ಎರಡನೆಯವು. ಲೇಖಕನ ವಿವರಣೆ ಮೂರನೆಯದು. ಗಣಕ ಕೊಡುವ ಉತ್ತರ ನಾಲ್ಕನೆಯದು. ಕೈಪಿಡಿಯಲ್ಲಿ ‘ಪ್ರಿಂಟ್ ಹೆಸರು’ ಎಂದು ಅಚ್ಚಾಗಿದೆ ಎಂದಿಟ್ಟುಕೊಳ್ಳೋಣ. ‘ಹೆಸರು’ ಎಂಬ ಮೂರಕ್ಷರಗಳನ್ನೇ ಒತ್ತಬೇಕೆ, ಅದರ ಜಾಗದಲ್ಲಿ ತನಗೆ ಬೇಕಾದ ಹೆಸರನ್ನು ಬರೆಯಬೇಕೆ ಎಂಬ ಪ್ರಶ್ನೆಗೆ ವಾಕ್ಯದ ಅರ್ಥ ಉತ್ತರ ಹೇಳಲಾರದು. ಅಕ್ಷರದ ರೂಪ, ಆವರಣ ಅಥವಾ ಸ್ಥಾನವೇ ಹೇಳಬೇಕು. ಒಂದು ಪುಟದಲ್ಲಿ ದಪ್ಪಕ್ಷರ ಮೊದಲನೆಯ ದನಿಯನ್ನೂ ಮತ್ತೊಂದು ಪುಟದಲ್ಲಿ ಎರಡನೆಯ ದನಿಯನ್ನೂ ಸೂಚಿಸಿದರೆ ಪುಸ್ತಕದ ಪ್ರತಿಯೊಂದು ವಾಕ್ಯವೂ ಸರಿಯಾಗಿದ್ದೂ ಪುಸ್ತಕ ತಪ್ಪಾಗುತ್ತದೆ.

ಆದುದರಿಂದ ಕೈಪಿಡಿಯ ಬರಹದ ವಿನ್ಯಾಸವನ್ನು ಅಲಂಕಾರವೆಂದು ಭಾವಿಸುವಂತಿಲ್ಲ. ಅದು ಅರ್ಥದ ಒಂದು ಭಾಗ. ಈ ಮಾತನ್ನು ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸದಿಂದಲೂ ವ್ಯಾಕರಣ ಪರಂಪರೆಯಿಂದಲೂ ಪರಿಶೀಲಿಸಿ, ಕನ್ನಡದಲ್ಲಿ ಇಂಥ ಬರವಣಿಗೆ ಎದುರಿಸುವ ತೊಡಕುಗಳನ್ನು ಗುರುತಿಸುವುದು ಈ ಲೇಖನದ ಉದ್ದೇಶ.

2. ಆಲ್ಗಾಲ್ 60ರ ವರದಿ

ಈ ವಿಷಯದಲ್ಲಿ ಮಾದರಿಯಾಗಿ ನಿಲ್ಲುವ ಮೊದಲ ದಾಖಲೆ ಪೀಟರ್ ನೌರ್ ಸಂಪಾದಿಸಿದ ಆಲ್ಗಾಲ್ 60 ಭಾಷೆಯ ವರದಿ. 1960ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ 13 ಮಂದಿ ತಜ್ಞರ ಸಭೆಯ ಫಲ ಅದು. ಅದೇ ವರ್ಷ ಪ್ರಕಟವಾಗಿ 1963ರಲ್ಲಿ ಪರಿಷ್ಕಾರಗೊಂಡಿತು.

ಅದರ ಹಿನ್ನೆಲೆಯಲ್ಲಿ ಒಂದು ಜಗಳವಿದೆ. 1958ರಲ್ಲಿ ಜ್ಯೂರಿಚ್ ನಗರದಲ್ಲಿ ಯುರೋಪು ಮತ್ತು ಅಮೆರಿಕದ ಪ್ರತಿನಿಧಿಗಳು ಸೇರಿದ್ದಾಗ ದಶಮಾಂಶವನ್ನು ಚುಕ್ಕೆಯಿಂದ ಗುರುತಿಸಬೇಕೆ, ಅಲ್ಪವಿರಾಮದಿಂದ ಗುರುತಿಸಬೇಕೆ ಎಂಬ ಪ್ರಶ್ನೆ ಸಭೆಯನ್ನೇ ಮುರಿಯುವ ಹಂತಕ್ಕೆ ಬಂದಿತು. ಚುಕ್ಕೆಯನ್ನು ತಾನೆಂದಿಗೂ ಬಳಸುವುದಿಲ್ಲವೆಂದು ಯುರೋಪಿನ ಸದಸ್ಯರೊಬ್ಬರು ಮೇಜು ಗುದ್ದಿ ಹೇಳಿದರೆಂದು ಆ ಸಭೆಯ ವೃತ್ತಾಂತ ತಿಳಿಸುತ್ತದೆ. ಜೋಸೆಫ್ ವೆಗ್‌ಸ್ಟೈನ್ ಇದಕ್ಕೆ ಸೂಚಿಸಿದ ಪರಿಹಾರ ಮೂರು ಸ್ತರಗಳ ಕಲ್ಪನೆ: ಭಾಷೆಯನ್ನು ನಿರೂಪಿಸಲು ಆಕರ ಭಾಷೆ, ಅಚ್ಚು ಹಾಗೂ ಕೈಬರಹಕ್ಕೆ ಪ್ರಕಟಣೆಯ ಭಾಷೆ, ಆಯಾ ಗಣಕದ ಕೀಲಿಮಣೆಗೆ ತಕ್ಕ ಯಂತ್ರರೂಪಗಳು. ತೋರಿಕೆಯ ಭೇದಗಳನ್ನು ಕೆಳಗಿನ ಎರಡು ಸ್ತರಗಳಿಗೆ ಬಿಟ್ಟು, ಆಕರ ಸ್ತರದಲ್ಲಿ ಒಂದೇ ರೂಪವನ್ನು ಕಾಪಾಡಲಾಯಿತು. ಏಕರೂಪತೆ ಎಂದರೆ ಎಲ್ಲೆಡೆ ಒಂದೇ ರೀತಿ ಕಾಣುವುದಲ್ಲ, ಎಲ್ಲ ತೋರಿಕೆಗಳೂ ಒಂದೇ ಮೂಲಕ್ಕೆ ನಿಷ್ಠವಾಗಿರುವುದು ಎಂಬ ತಿಳಿವಳಿಕೆ ಇಲ್ಲಿ ಮೊದಲು ಖಚಿತವಾಯಿತು ಎನ್ನಬಹುದು.

ಭಾಷೆಯ ರಚನೆಯನ್ನು ಹೇಳಲು ವರದಿ ಬಳಸಿದ ಸಂಕೇತ ಪದ್ಧತಿಯನ್ನು ಜಾನ್ ಬ್ಯಾಕಸ್ 1959ರಲ್ಲಿ ಪ್ಯಾರಿಸ್ಸಿನ ಸಮ್ಮೇಳನವೊಂದರಲ್ಲಿ ಮಂಡಿಸಿದ್ದರು. ಕನ್ನಡದಲ್ಲಿ ಬರೆದರೆ ಅದರ ಬಗೆ ಹೀಗಿರುತ್ತದೆ:

⟨ಅಂಕಿ⟩ ::= 0 | 1 | 2 | 3 | 4 | 5 | 6 | 7 | 8 | 9
⟨ಪೂರ್ಣಾಂಕ⟩ ::= ⟨ಅಂಕಿ⟩ | ⟨ಪೂರ್ಣಾಂಕ⟩ ⟨ಅಂಕಿ⟩

ಕೋನಾವರಣದ ಒಳಗಿರುವುದು ವರ್ಗದ ಹೆಸರು. ಹೊರಗಿರುವ ಅಂಕೆ ತಾನೇ ತಾನು. ನಿಂತ ಗೆರೆ ‘ಅಥವಾ’ ಎಂಬ ಅರ್ಥದ್ದು. ಆವರಣದೊಳಗಿನ ಪದಗಳು ವಿವರಣೆಯ ಗದ್ಯದಲ್ಲಿ ಬಂದಾಗಲೂ ಅದೇ ವ್ಯಾಖ್ಯೆಯನ್ನೇ ಸೂಚಿಸುತ್ತವೆ ಎಂದು ವರದಿ ಪ್ರಾರಂಭದಲ್ಲಿಯೇ ಘೋಷಿಸುತ್ತದೆ. ಅಂದರೆ ಗದ್ಯವೂ ಈ ಶಿಸ್ತಿಗೆ ಒಳಪಟ್ಟಿದೆ. ‘ಬಿಗಿನ್’, ‘ಎಂಡ್’ ಮುಂತಾದ ಪದಗಳನ್ನು ದಪ್ಪಕ್ಷರದಲ್ಲಿ ಅಚ್ಚು ಮಾಡಿ, ಅವು ಅಕ್ಷರಗಳ ಸಮೂಹಗಳಾಗಿರದೆ ಒಂದೊಂದೂ ಒಂದು ಅಖಂಡ ಚಿಹ್ನೆ ಎಂದು ಪರಿಗಣಿಸಲಾಗಿದೆ. ಅಲ್ಲದೆ, ಭಾಷೆಯ ಘಟಕಗಳನ್ನು ವಿವರಿಸುವಾಗ ರಚನೆ, ಉದಾಹರಣೆ, ಅರ್ಥ ಎಂಬ ಅನುಕ್ರಮವನ್ನು ವರದಿ ಪಾಲಿಸುತ್ತದೆ. ಒಂದು ಭಾಗವನ್ನು ಓದಿದವನಿಗೆ ಉಳಿದ ಭಾಗಗಳನ್ನು ಓದುವ ಬಗೆ ತಿಳಿದಿರುತ್ತದೆ.

ಈ ಶಿಸ್ತಿನಿಂದ ದೊರೆತ ದೊಡ್ಡ ಲಾಭವೆಂದರೆ ದೋಷಗಳು ಬೆಳಕಿಗೆ ಬಂದುದು. ಡೊನಾಲ್ಡ್ ಕ್ನೂತ್ 1967ರಲ್ಲಿ ಆಲ್ಗಾಲ್ 60ರಲ್ಲಿ ಇನ್ನೂ ಉಳಿದಿದ್ದ ತೊಡಕಿನ ಸ್ಥಳಗಳನ್ನು ಪಟ್ಟಿ ಮಾಡಿ ಲೇಖನ ಬರೆದರು. ವರದಿಯ ರೂಪ ಕಟ್ಟುನಿಟ್ಟಾಗಿದ್ದುದರಿಂದಲೇ ಸಂದೇಹ ಇಂಥ ವಾಕ್ಯದಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಸಾಧ್ಯವಾಯಿತು. ರೂಪ ಸಡಿಲವಾಗಿರುವ ಗ್ರಂಥದಲ್ಲಿ ಲೇಖಕನ ಅಲಕ್ಷ್ಯ ಯಾವುದು, ಭಾಷೆಯ ದೋಷ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ.

3. ವ್ಯಾಕರಣ ಪರಂಪರೆಯ ಸಾಕ್ಷ್ಯ

ಬ್ಯಾಕಸ್‌ನ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಪಿ. ಝಡ್. ಇಂಗರ್‌ಮನ್ 1967ರಲ್ಲಿ ಸಲಹೆ ಮಾಡಿದ ಸಂಗತಿ ಪ್ರಸಿದ್ಧವಾಗಿದೆ. ಈ ಹೋಲಿಕೆಯನ್ನು ಎಚ್ಚರದಿಂದ ಸ್ವೀಕರಿಸಬೇಕು. ಪಾಣಿನಿಯ ಸೂತ್ರಗಳಲ್ಲಿ ಸಂದರ್ಭಾಪೇಕ್ಷೆ, ಪೌರ್ವಾಪರ್ಯ, ಉತ್ಸರ್ಗ ಮತ್ತು ಅಪವಾದಗಳ ಬಲಾಬಲ ಇವೆಲ್ಲ ಇವೆ. ಬ್ಯಾಕಸ್‌ನ ನಿಯಮಗಳಲ್ಲಿ ಇವಿಲ್ಲ. ನಿಜವಾದ ಸಾಮ್ಯವಿರುವುದು ಬೇರೊಂದು ಕಡೆ: ಶಾಸ್ತ್ರದ ಭಾಷೆಯನ್ನೂ ಶಾಸ್ತ್ರಕ್ಕೆ ವಿಷಯವಾದ ಭಾಷೆಯನ್ನೂ ರೂಪದಿಂದಲೇ ಬೇರ್ಪಡಿಸುವ ಪ್ರಯತ್ನದಲ್ಲಿ.

ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಮೊದಲ ಪಾದದ 68ನೆಯ ಸೂತ್ರ ಈ ದೃಷ್ಟಿಯಿಂದ ಗಮನಾರ್ಹ. ವ್ಯಾಕರಣದಲ್ಲಿ ಬರುವ ಶಬ್ದವು ಲೋಕದ ವಸ್ತುವನ್ನು ಹೇಳದೆ ತನ್ನ ರೂಪವನ್ನೇ ಹೇಳುತ್ತದೆ, ಪಾರಿಭಾಷಿಕ ಸಂಜ್ಞೆಗಳು ಮಾತ್ರ ಇದಕ್ಕೆ ಹೊರತು ಎಂಬುದು ಅದರ ತಾತ್ಪರ್ಯ. ಅಗ್ನಿಶಬ್ದಕ್ಕೆ ಪ್ರತ್ಯಯ ಹತ್ತುತ್ತದೆ ಎಂದರೆ ಒಲೆಯ ಬೆಂಕಿಗೆ ಹತ್ತುವುದಿಲ್ಲ. ಅದೇ ಪಾದದ 49, 66 ಮತ್ತು 67ನೆಯ ಸೂತ್ರಗಳು ವಿಭಕ್ತಿಗಳಿಗೇ ಶಾಸ್ತ್ರೀಯವಾದ ಅರ್ಥವನ್ನು ನಿಗದಿ ಮಾಡುತ್ತವೆ: ಷಷ್ಠಿ ಬಂದರೆ ‘ಇದರ ಸ್ಥಾನದಲ್ಲಿ’, ಸಪ್ತಮಿ ಬಂದರೆ ‘ಇದು ಪರವಾದಾಗ ಹಿಂದಿನದಕ್ಕೆ’, ಪಂಚಮಿ ಬಂದರೆ ‘ಇದರ ಮುಂದಿನದಕ್ಕೆ’. ಅಚ್ಚಿನ ದಪ್ಪಕ್ಷರವಾಗಲಿ ಆವರಣವಾಗಲಿ ಇಲ್ಲದ ಮೌಖಿಕ ಪರಂಪರೆಯಲ್ಲಿ ವಿಭಕ್ತಿಯೇ ವಿನ್ಯಾಸದ ಕೆಲಸವನ್ನು ಮಾಡಿದೆ. ಸುಮಾರು ನಾಲ್ಕು ಸಾವಿರ ಸೂತ್ರಗಳ ಉದ್ದಕ್ಕೂ ಇಂಥ ಒಪ್ಪಂದಗಳನ್ನು ಉಳಿಸಿಕೊಂಡುದರಿಂದಲೇ ಆ ಗ್ರಂಥಕ್ಕೆ ಅಷ್ಟು ಸಂಕ್ಷೇಪ ಸಾಧ್ಯವಾಗಿದೆ.

ಕನ್ನಡದಲ್ಲಿ 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಇದೇ ದೃಷ್ಟಿಯಿಂದ ನೋಡಬಹುದು. ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಪೂರ್ವಕವಿಗಳಿಂದ ಆಯ್ದ ಪ್ರಯೋಗ ಎಂಬ ವಿಭಾಗ ಅಲ್ಲಿ ಕಂಡುಬರುತ್ತದೆ. ಸೂತ್ರದ ಛಂದಸ್ಸೇ ಅದು ಸೂತ್ರವೆಂಬುದನ್ನು ಸಾರುತ್ತದೆ. ಆಲ್ಗಾಲ್ ವರದಿಯ ರಚನೆ, ಅರ್ಥ, ಉದಾಹರಣೆಗಳಿಗೂ ಈ ಸೂತ್ರ, ವೃತ್ತಿ, ಪ್ರಯೋಗಗಳಿಗೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ಒಂದೇ ಬಗೆಯ ಅಗತ್ಯ ಒಂದೇ ಬಗೆಯ ರೂಪವನ್ನು ಬೇಡಿದೆ. 1604ರಲ್ಲಿ ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿ ತಾನೇ ವೃತ್ತಿ ವ್ಯಾಖ್ಯಾನಗಳನ್ನು ಬರೆದಾಗ ವಿವರಿಸುವ ಭಾಷೆ, ವಿವರಣೆಗೆ ಒಳಗಾಗುವ ಭಾಷೆ ಇವೆರಡೂ ಸಂಪೂರ್ಣ ಬೇರೆಯಾದವು. ಕನ್ನಡದಲ್ಲಿ ಬರೆಯುವ ಪ್ರೋಗ್ರಾಮಿಂಗ್ ಕೈಪಿಡಿಯ ಸ್ಥಿತಿಯೂ ಇಂಥದೇ: ವಿವರಣೆ ಕನ್ನಡ, ವಿಷಯ ಬಹುಮಟ್ಟಿಗೆ ಇಂಗ್ಲಿಷ್ ಪದಗಳ ಒಂದು ಕೃತಕ ಭಾಷೆ.

4. ಒಪ್ಪಂದಗಳ ವೈವಿಧ್ಯ

1971ರ ನವೆಂಬರಿನಲ್ಲಿ ಸಿದ್ಧವಾದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಪ್ರತಿಯೊಂದು ಆದೇಶವನ್ನೂ ಹೆಸರು, ಬಳಕೆಯ ಸಾರಾಂಶ, ವಿವರಣೆ, ಸಂಬಂಧಿಸಿದ ಕಡತಗಳು, ಇತರ ಪುಟಗಳು, ದೋಷಗಳು ಎಂಬಂಥ ಶೀರ್ಷಿಕೆಗಳಡಿ ವಿವರಿಸಿದರು. ಅರ್ಧ ಶತಮಾನ ಕಳೆದರೂ ಆ ಶೀರ್ಷಿಕೆಗಳ ಬಹುಭಾಗ ಇಂದಿಗೂ ಬಳಕೆಯಲ್ಲಿದೆ. ದೋಷಗಳಿಗೊಂದು ಕಾಯಂ ಶೀರ್ಷಿಕೆ ಇದ್ದುದರಿಂದ ಅವನ್ನು ಒಪ್ಪಿಕೊಳ್ಳುವುದು ಲೇಖಕನಿಗೂ ಸಹಜವಾಯಿತು. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಅವರು ಸಿ ಭಾಷೆಯನ್ನು ಕುರಿತು ಬರೆದ ಪುಸ್ತಕದ ಅನುಬಂಧದಲ್ಲಿ ಕೋನಾವರಣಗಳಿಲ್ಲ. ವರ್ಗದ ಹೆಸರುಗಳು ಓರೆಯಕ್ಷರದಲ್ಲಿಯೂ ಇದ್ದಂತೆಯೇ ಬರೆಯಬೇಕಾದವು ದಪ್ಪಕ್ಷರದಲ್ಲಿಯೂ ಇವೆ.

ಎರಡು ಪದ್ಧತಿಗಳೂ ತಮ್ಮ ತಮ್ಮ ಗ್ರಂಥದೊಳಗೆ ಸುಸಂಗತವೇ. ಆದರೆ ಒಂದರಿಂದ ಮತ್ತೊಂದಕ್ಕೆ ಹೋಗುವ ಓದುಗ ಪ್ರತಿ ಸಲವೂ ಹೊಸ ಲಿಪಿಯನ್ನು ಕಲಿಯಬೇಕಾಗುತ್ತದೆ. ಈ ಅನಗತ್ಯ ವೈವಿಧ್ಯವನ್ನು ಆಕ್ಷೇಪಿಸಿ ನಿಕ್ಲಾಸ್ ವಿರ್ತ್ 1977ರಲ್ಲಿಯೇ ಒಂದು ಸರಳ ಪದ್ಧತಿಯನ್ನು ಮುಂದಿಟ್ಟರು. 1996ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದೂ ಹೊರಬಂದಿತು. ಆದರೂ ವೈವಿಧ್ಯ ಅಳಿಯಲಿಲ್ಲ. ಎಲ್ಲ ಗ್ರಂಥಗಳೂ ಒಂದೇ ಪದ್ಧತಿಗೆ ಬರುವುದು ದುರ್ಲಭವಾದುದರಿಂದ, ತನ್ನ ಪದ್ಧತಿ ಯಾವುದೆಂದು ಮೊದಲ ಪುಟಗಳಲ್ಲೇ ಹೇಳಿ ಕೊನೆಯ ಪುಟದವರೆಗೆ ಅದನ್ನು ಪಾಲಿಸುವುದು ಪ್ರತಿಯೊಂದು ಗ್ರಂಥದ ಕರ್ತವ್ಯವಾಗಿ ಉಳಿಯುತ್ತದೆ.

5. ಕ್ರಿಯಾರೂಪದ ಪ್ರಶ್ನೆ

ವಿನ್ಯಾಸವೆಂದರೆ ಅಕ್ಷರದ ದಪ್ಪ, ಓರೆ ಮಾತ್ರವಲ್ಲ. ವಾಕ್ಯದ ಕ್ರಿಯಾರೂಪವೂ ಅದಕ್ಕೆ ಸೇರುತ್ತದೆ. ಪೈಥಾನ್ ಭಾಷೆಯ ಬಳಗ 2001ರಲ್ಲಿ ರೂಪಿಸಿದ ನಿಯಮಾವಳಿಯೊಂದು, ಒಂದು ಕಾರ್ಯದ ಕಿರುವಿವರಣೆ ವಿಧ್ಯರ್ಥದಲ್ಲಿರಬೇಕು ಎನ್ನುತ್ತದೆ. ಕನ್ನಡದಲ್ಲಿ ಹೇಳುವುದಾದರೆ ‘ಮೊತ್ತವನ್ನು ಮರಳಿಸು’ ಎಂಬಂತೆ. ಜಾವಾ ಭಾಷೆಯ ವಿವರಣೆಗಳಿಗೆ ಸಂಬಂಧಿಸಿದ ಶೈಲಿ ಸೂಚನೆ ಇದಕ್ಕೆ ತದ್ವಿರುದ್ಧ: ‘ಮೊತ್ತವನ್ನು ಮರಳಿಸುತ್ತದೆ’ ಎಂಬ ಪ್ರಥಮಪುರುಷದ ನಿರೂಪಣೆ ಅದಕ್ಕೆ ಇಷ್ಟ. ಎರಡರಲ್ಲಿ ಒಂದು ಸರಿ, ಮತ್ತೊಂದು ತಪ್ಪು ಎನ್ನಲಾಗದು. ಒಂದೇ ಕೈಪಿಡಿಯಲ್ಲಿ ಎರಡೂ ಬೆರೆತರೆ, ಭೇದಕ್ಕೆ ಏನೋ ಕಾರಣವಿರಬೇಕೆಂದು ಓದುಗ ಊಹಿಸುತ್ತಾನೆ. ಶಾಸ್ತ್ರದ ಓದುಗನಿಗೆ ರೂಪಭೇದ ಕಂಡಲ್ಲೆಲ್ಲ ಅರ್ಥಭೇದವನ್ನು ಶಂಕಿಸುವ ಹಕ್ಕಿದೆ.

ಇದಕ್ಕೆ ಇನ್ನೂ ತೀಕ್ಷ್ಣವಾದ ನಿದರ್ಶನ ಪಕ್ಕದ ಕ್ಷೇತ್ರದಲ್ಲಿದೆ. ಅಂತರಜಾಲದ ಮಾನಕಗಳಲ್ಲಿ ‘ಮಸ್ಟ್’, ‘ಷುಡ್’, ‘ಮೇ’ ಎಂಬ ಪದಗಳಿಗೆ 1997ರ ದಾಖಲೆಯೊಂದು ನಿಶ್ಚಿತ ಅರ್ಥವನ್ನು ವಿಧಿಸಿತು. ಅವು ಸಾಮಾನ್ಯ ಗದ್ಯದಲ್ಲಿಯೂ ಬರುವ ಪದಗಳಾದುದರಿಂದ ಗೊಂದಲ ಉಳಿಯಿತು. ಕೊನೆಗೆ 2017ರಲ್ಲಿ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಆ ವಿಶೇಷಾರ್ಥ ಸಲ್ಲುತ್ತದೆ ಎಂದು ಮತ್ತೊಂದು ದಾಖಲೆ ಸ್ಪಷ್ಟಪಡಿಸಬೇಕಾಯಿತು. ಅಕ್ಷರದ ಗಾತ್ರವೇ ವಿಧಿ ಮತ್ತು ಸಲಹೆಗಳ ಗಡಿಯಾಗಿರುವ ಈ ಪದ್ಧತಿಯನ್ನು ಕನ್ನಡಕ್ಕೆ ತರುವಂತೆಯೇ ಇಲ್ಲ; ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ.

6. ಕನ್ನಡದ ತೊಡಕುಗಳು

ಕನ್ನಡ ಕೈಪಿಡಿಯ ಮೊದಲ ತೊಡಕು ಇಲ್ಲಿಯೇ ಕಾಣಿಸುತ್ತದೆ. ಇಂಗ್ಲಿಷ್ ಗ್ರಂಥಗಳ ಮೂರು ಸಾಧನಗಳಾದ ದೊಡ್ಡಕ್ಷರ, ಓರೆಯಕ್ಷರ, ಸಮ ಅಗಲದ ಅಕ್ಷರ ಇವುಗಳಲ್ಲಿ ಮೊದಲನೆಯದು ಕನ್ನಡದಲ್ಲಿಲ್ಲ. ಎರಡನೆಯದಕ್ಕೆ ಅಚ್ಚಿನ ಪರಂಪರೆಯ ಬಲವಿಲ್ಲ. ಮೂರನೆಯದು ಒತ್ತಕ್ಷರ, ದೀರ್ಘ, ಕೊಂಬುಗಳಿಂದ ಕೂಡಿದ ಲಿಪಿಗೆ ಸುಲಭವಾಗಿ ಒಗ್ಗುವುದಿಲ್ಲ. ‘ಸ್ತ್ರೀ’ ಎಂಬುದು ಓದುಗನಿಗೆ ಒಂದಕ್ಷರ. ಗಣಕದ ಯೂನಿಕೋಡ್ ಸಂಕೇತದಲ್ಲಿ ಅದು ಆರು ಸಂಕೇತಗಳ ಸಾಲು. ಸಾಲೊಂದರಲ್ಲಿ 79ಕ್ಕಿಂತ ಹೆಚ್ಚು ಅಕ್ಷರಗಳಿರಬಾರದೆಂಬ ಪೈಥಾನ್ ಶೈಲಿಯ ನಿಯಮವನ್ನು ಕನ್ನಡ ಟಿಪ್ಪಣಿಗಳಿಗೆ ಅನ್ವಯಿಸುವಾಗ ಎಣಿಸಬೇಕಾದುದು ಏನನ್ನು ಎಂಬ ಪ್ರಶ್ನೆ ಏಳುತ್ತದೆ. ಟಿಪ್ಪಣಿಗಳನ್ನು ಕಂಬಸಾಲಾಗಿ ಜೋಡಿಸಿದರೆ ಒಂದು ಅಚ್ಚಿನಲ್ಲಿ ನೇರವಾಗಿದ್ದುದು ಮತ್ತೊಂದರಲ್ಲಿ ಓರೆಕೋರೆಯಾಗುತ್ತದೆ.

ಎರಡನೆಯ ತೊಡಕು ವಿಭಕ್ತಿಯದು. ಇಂಗ್ಲಿಷಿನಲ್ಲಿ ಪದದ ಮುಂದೆ ಬೇರೆ ಪದ ಬರುತ್ತದೆ. ಉದ್ಧೃತ ಪದ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿ ಅದರ ಕೊನೆಯನ್ನು ಬದಲಿಸುತ್ತದೆ. ‘ಇಫ್’ ಎಂಬುದಕ್ಕೆ ದ್ವಿತೀಯೆ ಹತ್ತಿದಾಗ ‘ಇಫನ್ನು’, ‘ಇಫ್ಫನ್ನು’, ‘ಇಫ್ ಅನ್ನು’ ಎಂಬ ಮೂರು ರೂಪಗಳು ಸಾಧ್ಯ. ‘ರಿಟರ್ನ್’ ಎಂಬುದು ‘ರಿಟರ್ನಿಗೆ’ ಆದಾಗ ಮೂಲಪದದ ಕೊನೆಯ ಹಲಂತವೇ ಮಾಯವಾಗುತ್ತದೆ. ಗಣಕದಲ್ಲಿ ‘ರಿಟರ್ನ್’ ಎಂದು ಹುಡುಕಿದವನಿಗೆ ಆ ಸಾಲು ಸಿಕ್ಕುವುದಿಲ್ಲ. ‘ರಿಟರ್ನ್‌ಗೆ’ ಎಂದು ಬಿಡಿಸಿ ಬರೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಸೇರಿಸಬೇಕಾಗುತ್ತದೆ. ಒಬ್ಬರು ಸೇರಿಸಿ ಮತ್ತೊಬ್ಬರು ಬಿಟ್ಟರೆ ಹುಡುಕಾಟ ಮತ್ತೆ ಸೋಲುತ್ತದೆ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ‘ಮೊತ್ತ’, ‘ಬೆಲೆ’ ಮುಂತಾದ ಕನ್ನಡ ಹೆಸರುಗಳನ್ನು ಕ್ರಮವಿಧಿಯೊಳಗೇ ಬಳಸಬಹುದು. ಆದರೆ ಈ ಅಗೋಚರ ಸಂಕೇತ ಹೆಸರಿನೊಳಗೆ ಸೇರಿದರೆ ಆ ಭಾಷೆ ಅದನ್ನು ತಿರಸ್ಕರಿಸುತ್ತದೆ. ಪುಟದ ಮೇಲೆ ಸರಿಯಾಗಿ ಕಾಣುವ ಪದ ಯಂತ್ರಕ್ಕೆ ತಪ್ಪಾಗುವ ಸನ್ನಿವೇಶವಿದು.

ಇದಕ್ಕೆ ಪರಿಹಾರ ಕನ್ನಡದ ವ್ಯಾಕರಣ ಗದ್ಯದಲ್ಲಿಯೇ ಇದೆ. ಅಕ್ಷರವನ್ನು ಹೆಸರಿಸುವಾಗ ‘ಅಕಾರ’, ‘ಕಕಾರ’ ಎಂದು ‘ಕಾರ’ವನ್ನು ಸೇರಿಸುವ ಪದ್ಧತಿ ಹಳೆಯದು, ವಿಭಕ್ತಿ ಹತ್ತುವುದು ‘ಕಾರ’ಕ್ಕೆ, ಅಕ್ಷರ ಸುರಕ್ಷಿತವಾಗಿ ಉಳಿಯುತ್ತದೆ. ಪದಗಳ ವಿಷಯದಲ್ಲಿ ಈ ಕೆಲಸವನ್ನು ‘ಎಂಬ’ ಮಾಡಬಲ್ಲದು. ‘ರಿಟರ್ನ್ ಎಂಬ ಪದಕ್ಕೆ’, ‘ಮೊತ್ತ ಎಂಬ ಚರದಲ್ಲಿ’ ಎಂದಾಗ ಉದ್ಧೃತ ಪದ ಹಾಗೆಯೇ ನಿಲ್ಲುತ್ತದೆ; ಅದು ಯಾವ ವರ್ಗದ್ದೆಂಬುದೂ ಜೊತೆಯಲ್ಲೇ ತಿಳಿಯುತ್ತದೆ. ಓರೆಯಕ್ಷರ ಇಂಗ್ಲಿಷಿನಲ್ಲಿ ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ಪದವೇ ಮಾಡುತ್ತದೆ, ಗಟ್ಟಿಯಾಗಿ ಓದಿದಾಗಲೂ ಮಾಡುತ್ತದೆ.

ಮೂರನೆಯದು ಸಾಹಿತ್ಯ ಶಿಕ್ಷಣದಿಂದಲೇ ಬಂದ ತೊಡಕು. ಪುನರುಕ್ತಿಯನ್ನು ದೋಷವೆಂದು ಕಲಿತ ಬರಹಗಾರ ಒಮ್ಮೆ ‘ಚರ’, ಒಮ್ಮೆ ‘ಚಲಕ’, ಮತ್ತೊಮ್ಮೆ ‘ವೇರಿಯಬಲ್’ ಎಂದು ಬರೆದು ಗದ್ಯ ಸೊಗಸಾಯಿತೆಂದುಕೊಳ್ಳಬಹುದು. ಮುಂಬಯಿ, ಪುಣೆ, ಹೈದರಾಬಾದುಗಳಂಥ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ ಎಂಬ ಸ್ಥಿತಿಯಲ್ಲಿ ಬೆಳೆದ ವಿದ್ಯಾರ್ಥಿಗೆ ಈ ಪರ್ಯಾಯಗಳು ಒಂದೇ ವಸ್ತುವಿನ ಹೆಸರುಗಳೆಂದು ತಿಳಿಯಲು ದಾರಿಯೇ ಇರುವುದಿಲ್ಲ. ಪದದ ಪರಿಚಯ ಕಡಿಮೆಯಾದಷ್ಟೂ ಓದುಗ ರೂಪವನ್ನು ಹೆಚ್ಚು ನಂಬುತ್ತಾನೆ.

‘ಬಹುದು’ ಎಂಬ ರೂಪದಲ್ಲಿಯೂ ಅಪಾಯವಿದೆ. ‘ಈ ಸ್ಥಳ ಖಾಲಿಯಿರಬಹುದು’ ಎಂಬ ವಾಕ್ಯ ಅನುಮತಿಯೂ ಆಗಬಹುದು, ಸಂಭವವೂ ಆಗಬಹುದು. ‘ಖಾಲಿ ಬಿಡಲು ಅನುಮತಿಯಿದೆ’, ‘ಖಾಲಿಯಾಗಿರುವ ಸಂಭವವಿದೆ’ ಎಂದು ಬೇರ್ಪಡಿಸುವುದು ಅಗತ್ಯ. ಕರ್ನಾಟಕದ ಶಾಸನಗಳ ಕನ್ನಡದಲ್ಲಿ ಕಡ್ಡಾಯವನ್ನು ಸೂಚಿಸುವ ‘ತಕ್ಕದ್ದು’ ಇಲ್ಲಿ ನೆರವಾಗಬಲ್ಲದು.

ಈ ಚರ್ಚೆಯಿಂದ ಹೊರಡುವ ಸೂಚನೆಗಳನ್ನು ಹೀಗೆ ಸಂಗ್ರಹಿಸಬಹುದು:

(ಅ) ಇದ್ದಂತೆಯೇ ಬರೆಯಬೇಕಾದ ಪದಕ್ಕೆ ಒಂದು ಗುರುತು, ತುಂಬಬೇಕಾದ ಸ್ಥಳಕ್ಕೆ ಬೇರೊಂದು ಗುರುತು. ಒಂದರ ಗುರುತನ್ನು ಮತ್ತೊಂದಕ್ಕೆ ಬಳಸಬಾರದು.
(ಆ) ಉದ್ಧೃತ ಪದಕ್ಕೆ ನೇರವಾಗಿ ವಿಭಕ್ತಿ ಹತ್ತಿಸದೆ ‘ಎಂಬ’ ಮತ್ತು ವರ್ಗನಾಮದ ಮೂಲಕ ಹತ್ತಿಸಬೇಕು.
(ಇ) ಒಂದು ವಸ್ತುವಿಗೆ ಗ್ರಂಥದುದ್ದಕ್ಕೂ ಒಂದೇ ಪಾರಿಭಾಷಿಕ ಪದವಿರಬೇಕು.
(ಈ) ವಿಧಿ, ಸಲಹೆ, ಅನುಮತಿ, ನಿಷೇಧಗಳಿಗೆ ನಿಶ್ಚಿತ ಕ್ರಿಯಾರೂಪಗಳಿರಬೇಕು. ‘ಮಾಡಬಾರದು’, ‘ಮಾಡಬೇಕಾಗಿಲ್ಲ’ ಎಂಬವು ಎಂದೂ ಬೆರೆಯಬಾರದು.
(ಉ) ಪ್ರತಿಯೊಂದು ಘಟಕವೂ ಒಂದೇ ಅನುಕ್ರಮದಲ್ಲಿ ವಿವರಿಸಲ್ಪಡಬೇಕು.

7. ಕಾಪಾಡುವ ಬಗೆ

ಏಕರೂಪತೆಯನ್ನು ಸಾಧಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಆಲ್ಗಾಲ್ ವರದಿಗೆ ಒಬ್ಬನೇ ಸಂಪಾದಕನಿದ್ದ. ಇಂದಿನ ಕೈಪಿಡಿಗಳು ವರ್ಷಗಟ್ಟಲೆ ಹಲವು ಕೈಗಳಿಂದ ಬೆಳೆಯುತ್ತವೆ. ಆದುದರಿಂದ ಈ ಕೆಲಸದ ಒಂದು ಭಾಗ ಯಂತ್ರಕ್ಕೆ ಬಂದಿದೆ. ಕ್ನೂತ್ 1984ರಲ್ಲಿ ವಿವರಿಸಿದ ಪದ್ಧತಿಯಲ್ಲಿ ಕ್ರಮವಿಧಿಯೂ ಅದರ ವಿವರಣೆಯೂ ಒಂದೇ ಮೂಲದಿಂದ ಹೊರಡುತ್ತವೆ. 2008ರಲ್ಲಿ ಪೈಥಾನ್ ಕೈಪಿಡಿಗಾಗಿ ಸಿದ್ಧವಾದ ಸ್ಫಿಂಕ್ಸ್ ಎಂಬ ಸಾಧನದಲ್ಲಿ ಲೇಖಕ ‘ಇದು ದಪ್ಪ’ ಎಂದು ಗುರುತಿಸುವ ಬದಲು ‘ಇದು ಕಾರ್ಯದ ಹೆಸರು’, ‘ಇದು ಕಾಯ್ದಿರಿಸಿದ ಪದ’ ಎಂದು ಗುರುತಿಸಬಹುದು. ತೋರಿಕೆಯ ನಿರ್ಣಯ ಒಂದೇ ಕಡೆ ಆಗುತ್ತದೆ. ಇದು ಆಲ್ಗಾಲಿನ ಮೂರು ಸ್ತರಗಳ ವಿವೇಕದ ಮುಂದುವರಿಕೆಯೇ. ಕೈಪಿಡಿಯಲ್ಲಿನ ಉದಾಹರಣೆಗಳನ್ನು ನಡೆಸಿ ನೋಡಿ ಉತ್ತರ ಹೊಂದುವುದೇ ಎಂದು ಪರೀಕ್ಷಿಸುವ ಸಾಧನ ಪೈಥಾನಿನಲ್ಲಿ 2001ರಿಂದಲೇ ಇದೆ. 2009ರಲ್ಲಿ ಪ್ರಕಟವಾದ ಗೋ ಭಾಷೆಯಲ್ಲಿ ಕ್ರಮವಿಧಿಯ ಸಾಲುಗಳನ್ನು ಜೋಡಿಸುವ ಕೆಲಸವನ್ನೇ ಒಂದು ಉಪಕರಣಕ್ಕೆ ಒಪ್ಪಿಸಲಾಯಿತು.

ಆದರೆ ಯಂತ್ರಕ್ಕೆ ಒಪ್ಪಿಸಲಾಗದ ಭಾಗವೂ ಉಂಟು. ‘ಬಹುದು’ ಎಂಬುದರ ಎರಡು ಅರ್ಥಗಳನ್ನು ಬೇರ್ಪಡಿಸುವುದು, ಪಾರಿಭಾಷಿಕ ಪದವನ್ನು ಆಯುವುದು, ಯಾವ ವಿವರಣೆ ಓದುಗನಿಗೆ ಸಾಲದು ಎಂದು ಅರಿಯುವುದು ಇವೆಲ್ಲ ಭಾಷೆಯನ್ನು ಬಲ್ಲವರ ಕೆಲಸ. ರೂಪದ ಶಿಸ್ತೊಂದೇ ಗ್ರಂಥವನ್ನು ಉಳಿಸದು ಎಂಬುದಕ್ಕೆ ಆಲ್ಗಾಲ್ 68ರ ವರದಿ ಸಾಕ್ಷಿ: ಅಸಾಧಾರಣ ಕಟ್ಟುನಿಟ್ಟಿನಿಂದ ರಚಿತವಾದ ಅದು ಓದಲು ದುಸ್ತರವೆಂಬ ಆಕ್ಷೇಪಕ್ಕೆ ಗುರಿಯಾಯಿತು. ನಿಯಮ ಅರ್ಥಕ್ಕೆ ಅಡ್ಡಿಯಾದಾಗ ನಿಯಮವನ್ನು ಸಡಿಲಿಸಬೇಕೆಂದು ಪೈಥಾನ್ ಶೈಲಿಯ ನಿಯಮಾವಳಿಯೂ ಒಪ್ಪುತ್ತದೆ.

ಗಣಕ ಬಂದ ಮೇಲೆ ಹುಟ್ಟಿದ ಸಮಸ್ಯೆ ಇದೆಂದು ತೋರಿದರೂ ಇದರ ಬೇರು ವ್ಯಾಕರಣದಲ್ಲಿದೆ. ಪದವನ್ನು ಬಳಸುವುದಕ್ಕೂ ಹೆಸರಿಸುವುದಕ್ಕೂ ಇರುವ ಅಂತರವನ್ನು ‘ಕಾರ’ದಿಂದ, ‘ಎಂಬ’ದಿಂದ, ಸೂತ್ರ ವೃತ್ತಿಗಳ ವಿಭಾಗದಿಂದ ಕಾಪಾಡಿಕೊಂಡು ಬಂದ ಗದ್ಯ ಕನ್ನಡಕ್ಕಿದೆ. ಕನ್ನಡದ ಕೈಪಿಡಿಗಳು ಇಂಗ್ಲಿಷಿನ ದಪ್ಪಕ್ಷರ ಓರೆಯಕ್ಷರಗಳನ್ನು ಅನುಕರಿಸುವ ಮೊದಲು ಈ ಸ್ವಂತ ಬಂಡವಾಳವನ್ನು ಎಣಿಸಿಕೊಳ್ಳಬೇಕು. ಆ ಕೆಲಸದಲ್ಲಿ ಗಣಕತಜ್ಞನಷ್ಟೇ ಹೊಣೆ ಕನ್ನಡದ ವಿದ್ಯಾರ್ಥಿಗೂ ಇದೆ.